ಹೆಸರಿನ ಮುಂದಿನ ಅಂಕಿ

ತೇರದಾಳದ ಬಸದಿ ಓಣಿಯ ತ್ರಿಶಲಾಗೆ ನಲವತ್ತೇಳನೆಯ ವಯಸ್ಸಿನಲ್ಲಿ ಫೋನಿನ ಆಟದ ಹುಚ್ಚು ಹಿಡಿಯಿತು ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳುವವರಿಗೇನು, ಸಂಜೆ ಕಟ್ಟೆಯ ಮೇಲೆ ಕೂರಲು ಒಂದು ನೆಪ ಬೇಕು. ಅವಳಿಗೆ ಆಟ ಹಚ್ಚಿದ್ದು ಹುಚ್ಚಲ್ಲ, ಒಂದು ನೇಮ.

ಮಗಳು ಮಾನಸಿ ಜಮಖಂಡಿಯ ಕಾಲೇಜಿಗೆ ಹೋಗುವಾಗ ಬೀಳಗಿ ಕಡೆಯ ಹಾಲೇಶನನ್ನು ಮೆಚ್ಚಿದಳು. ಹಾಲೇಶ ಕುರಿ ಸಾಕುವ ಮನೆತನದವನು, ಬೀರೇಶ್ವರನ ಒಕ್ಕಲು. ಕಬ್ಬು ಹೇರುವ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಮಾನಸಿಯ ಅಪ್ಪ ಆದಿನಾಥನಿಗೆ ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಅಡತಿ ಅಂಗಡಿ, ಬಸದಿಯ ಕಮಿಟಿಯಲ್ಲಿ ಹೆಸರು. ಮಗಳು ಹೇಳದೆ ಕೇಳದೆ ರಜಿಸ್ಟರ್ ಮದುವೆಯಾದ ದಿನ ಆತ ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಊಟ ಮಾಡಿ ಕೈ ತೊಳೆದು ಅಂಗಡಿಗೆ ಹೋದ. ಮಳೆಗಾಲದಲ್ಲಿ ಚಾತುರ್ಮಾಸಕ್ಕೆಂದು ಮುನಿ ಮಹಾರಾಜರು ಊರಿಗೆ ಬಂದಾಗ ಮಾತ್ರ ಅವರ ಮುಂದೆ ಕೂತು ತಾನಾಗಿಯೇ ಒಂದು ನೇಮ ಹಿಡಿದ. ಮಗಳೊಡನೆ ಮಾತಿಲ್ಲ, ಕಾಗದವಿಲ್ಲ, ಅವಳ ಹೊಸ್ತಿಲು ತುಳಿಯುವುದಿಲ್ಲ. ಮಹಾರಾಜರಿಗೆ ಬಾಯಿಬಿಟ್ಟು ಹೇಳಲೂ ಇಲ್ಲ, ಮನಸ್ಸಿನಲ್ಲೇ ಅಂದುಕೊಂಡ. ಪಕ್ಕದಲ್ಲಿ ಕೂತ ಹೆಂಡತಿಗೆ ಮಾತ್ರ ಮೆಲ್ಲಗೆ ಅದನ್ನು ತಿಳಿಸಿ, "ನೀನೂ ಕೈ ಮುಗಿ" ಅಂದ.

ತ್ರಿಶಲಾ ಕೈ ಮುಗಿದಳು. ಇಪ್ಪತ್ತಾರು ವರ್ಷ ಗಂಡ ಕೈ ಮುಗಿದಲ್ಲೆಲ್ಲ ಮುಗಿದ ಕೈಗಳು ಅವು. ಅಂದೊಂದು ದಿನ ಬೇರೆ ಏನು ಮಾಡಬೇಕೆಂದು ಅವಕ್ಕೆ ಗೊತ್ತಿರಲಿಲ್ಲ.

ನೇಮವೆಂದರೆ ಆ ಮನೆಯಲ್ಲಿ ಹುಡುಗಾಟವಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬ ನೇಮವನ್ನು ತ್ರಿಶಲಾ ಸೊಸೆಯಾಗಿ ಬಂದ ದಿನದಿಂದ ನಡೆಸಿದ್ದಳು, ಎರಡು ಬಾಣಂತನದಲ್ಲೂ ಬಿಟ್ಟಿರಲಿಲ್ಲ. ಅತ್ತೆ ಕಮಲಾಬಾಯಿಗೆ ಎಪ್ಪತ್ತನಾಲ್ಕು. ಜ್ವರದಲ್ಲಿ ಮಲಗಿದ್ದಾಗಲೂ ಗುಳಿಗೆಯನ್ನು ಹಗಲಲ್ಲೇ ನುಂಗಿದ ಮುದುಕಿ. ಇಂಥ ಮನೆಯಲ್ಲಿ ಹಿಡಿದ ನೇಮವನ್ನು ಕದ್ದು ಮುರಿಯುವುದು ತ್ರಿಶಲಾಗೆ ಕನಸಿನಲ್ಲೂ ಬಾರದ ಮಾತು. ಆದರೆ ಮಗಳ ನೆನಪು ನೇಮ ಕೇಳುತ್ತದೆಯೇ? ರೊಟ್ಟಿ ಬಡಿಯುವಾಗ ಕೈ ತನ್ನಷ್ಟಕ್ಕೆ ಐದು ಜನರಿಗೆಂದು ಹಿಟ್ಟು ನಾದುತ್ತಿತ್ತು. ಎರಡು ರೊಟ್ಟಿ ದಿನವೂ ಉಳಿಯುತ್ತಿದ್ದವು.

ಹಾಲೇಶನ ತಂಗಿ ರೇಷ್ಮಾಳನ್ನು ತೇರದಾಳಕ್ಕೇ ಕೊಟ್ಟಿದ್ದರು. ಪೇಟೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಸೆಪ್ಟೆಂಬರದ ಒಂದು ಮಧ್ಯಾಹ್ನ ತ್ರಿಶಲಾ ಸಡಿಲವೇ ಆಗದ ಜಂಪರೊಂದನ್ನು ಹಿಡಿದುಕೊಂಡು, ಸಡಿಲಾಗಿದೆ ಎಂದು ಅಲ್ಲಿಗೆ ಹೋದಳು.

ರೇಷ್ಮಾ ಜಂಪರನ್ನು ನೋಡಲೂ ಇಲ್ಲ. "ಅಕ್ಕಾರ, ನಮ್ಮ ವೈನಿ, ನಿಮ್ಮ ಮಗಳು, ದಿನಾ ನಿಮ್ಮನ್ನ ನೆನಸ್ತಾಳ್ರಿ. ಫೋನ ಹಚ್ಚಿ ಕೊಡ್ಲಿ?"

"ಬ್ಯಾಡವಾ. ನೇಮ ಐತಿ, ಮಾತಾಡಂಗಿಲ್ಲ."

"ಬರದ ಕಳಸ್ರಿ."

"ಅದೂ ಇಲ್ಲ."

ರೇಷ್ಮಾ ಹಲ್ಲಿನಿಂದ ದಾರ ಹರಿದಳು. "ಆಡಬಹುದೇನ್ರಿ?"

"ಏನ ಆಡೂದು?"

"ಲೂಡೋರಿ. ಫೋನಿನ್ಯಾಗ. ನೀವ ಇಲ್ಲಿ, ಆಕಿ ಅಲ್ಲಿ. ಮಾತಿಲ್ಲ ಕತಿ ಇಲ್ಲ, ಬರೇ ಆಟ. ಆಡಂಗಿಲ್ಲಂತ ನೇಮ ಹಿಡದೀರೇನ?"

ತ್ರಿಶಲಾ ಬಹಳ ಹೊತ್ತು ಯೋಚಿಸಿದಳು. ಆದಿನಾಥ ಹೇಳಿದ ಒಂದೊಂದು ಶಬ್ದವನ್ನೂ ನೆನೆಸಿಕೊಂಡಳು. ಮಾತು, ಕಾಗದ, ಹೊಸ್ತಿಲು. ಆಟದ ಸುದ್ದಿ ಅದರಲ್ಲಿ ಇರಲಿಲ್ಲ.

"ಆಡಂಗಿಲ್ಲಂತ ಯಾರೂ ಅಂದಿಲ್ಲ ನೋಡು," ಎಂದು ಫೋನನ್ನು ಸೆರಗಿನಲ್ಲಿ ಒರೆಸಿ ಮುಂದೆ ಹಿಡಿದಳು.

ಹೊಸಬರು ಆಟಕ್ಕೆ ಸೇರುವುದೆಂದರೆ ಅದೂ ಒಂದು ಶಾಸ್ತ್ರ. ಫೋನ್ ನಂಬರು ಕೊಡಬೇಕು. ಓಟಿಪಿ ಬರಬೇಕು. ವಯಸ್ಸು ಹೇಳಬೇಕು. ಸಿಂಹ, ಗಿಳಿ, ಕಪ್ಪು ಕನ್ನಡಕದ ಹುಡುಗಿ, ಇವುಗಳಲ್ಲಿ ಒಂದು ಚಿತ್ರ ಆರಿಸಿಕೊಳ್ಳಬೇಕು. ತ್ರಿಶಲಾ ಗಿಳಿಯನ್ನು ಆರಿಸಿದಳು.

"ಹೆಸರ ಏನ ಹಾಕ್ಲಿರಿ? ಎಲ್ಲಾರೂ ಹೆಸರಿನ ಮುಂದ ಒಂದ ಅಂಕಿ ಹಚ್ಚತಾರ್ರಿ. ವಯಸ್ಸೋ, ಗಾಡಿ ನಂಬರೋ. ಬೇಕಾದಾಗ ಬದಲ ಮಾಡಬಹುದು."

"ಅಂಕಿ ಗಿಂಕಿ ಬ್ಯಾಡ. ತ್ರಿಶಲಾ ಅಂತ ಹಾಕು."

"ಹೊಸ ಆಟಗಾರರಿಗೆ ಸ್ವಾಗತ" ಎಂದು ಪರದೆಯ ತುಂಬ ಹೂ ಉದುರಿದವು. ಐದು ಸಾವಿರ ನಾಣ್ಯ ನಿಮ್ಮದಾಯಿತು ಎಂದಿತು. ತ್ರಿಶಲಾ ಹೌಹಾರಿ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. "ಯವ್ವಾ, ಇದು ಜೂಜೇನ? ಜೂಜು ನಮಗ ಆಗಂಗಿಲ್ಲ."

"ಅಲ್ರಿ! ರೊಕ್ಕದ ಆಟ ಸರಕಾರ ಬಂದ್ ಮಾಡೇತಿ. ಇವು ಖೊಟ್ಟಿ ನಾಣ್ಯ, ಚಾದಂಗಡ್ಯಾಗೂ ನಡ್ಯಾಂಗಿಲ್ಲ." ರೇಷ್ಮಾ ಪರದೆಯ ಮೂಲೆಯನ್ನು ತೋರಿಸಿದಳು. "ಇಲ್ಲೆ ಮೈಕ್ ಐತಿ. ಒತ್ತಿದ್ರ ಒಬ್ಬರ ಮಾತ ಒಬ್ಬರಿಗೆ ಕೇಳಸ್ತೈತಿ."

"ಅದನ್ನ ಮುಚ್ಚಿ ಕೊಡು."

ರೇಷ್ಮಾ ಮೈಕಿನ ಮೇಲೆ ಕೆಂಪು ಗೆರೆ ಎಳೆದುಕೊಟ್ಟಳು. ಮಾನಸಿಯ ಹೆಸರು ಹುಡುಕಿ ಕರೆ ಕಳಿಸಿದಳು. ಅರ್ಧ ನಿಮಿಷವೂ ಆಗಿರಲಿಲ್ಲ, "ಮಾನಸಿ ಬಂದಿದ್ದಾರೆ" ಎಂಬ ಅಕ್ಷರ ಮೂಡಿತು. ಆರು ತಿಂಗಳ ಮೇಲೆ ಮಗಳು ಬಂದಿದ್ದಳು. ತ್ರಿಶಲಾಗೆ ದಾಳ ಒತ್ತಬೇಕೆಂಬುದು ತಿಳಿಯದೆ ಮೂರು ಸರದಿ ಹಾಗೇ ಹೋದವು. ನಾಲ್ಕನೆಯ ಸಲ ಬೆರಳು ತಾನಾಗಿ ತಾಗಿತು. ಎರಡು ಬಿತ್ತು. ಆ ಕಡೆಯಿಂದ ಒಂದು ಗುಲಾಬಿ ಹೂವಿನ ಚಿತ್ರ ಬಂತು.

"ಯಾಕ್ರಿ ಅಕ್ಕಾರ, ಅಳಬ್ಯಾಡ್ರಿ. ಎರಡ ಬಿದ್ರ ಏನಾತು," ಎಂದಳು ರೇಷ್ಮಾ.

ಅಂದಿನಿಂದ ಮಧ್ಯಾಹ್ನ ಮೂರು ಗಂಟೆ ಎಂದರೆ ತ್ರಿಶಲಾಗೆ ಹಬ್ಬ. ಪಾತ್ರೆ ತೊಳೆದು, ಹಿತ್ತಿಲು ಸಾರಿಸಿ, ಅತ್ತೆ ಅಡ್ಡಾದ ಮೇಲೆ ಅಡುಗೆ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು. ಹೊರಗಿನವರು ನೋಡಿದ್ದರೆ ನಗುತ್ತಿದ್ದರು. ಅಂಥ ಆಟ ಅದು. ಒಬ್ಬರ ಕಾಯಿಯನ್ನು ಒಬ್ಬರು ಹೊಡೆಯುತ್ತಿರಲಿಲ್ಲ. ಹೊಡೆಯುವ ಅಂಕಿ ಬಿದ್ದರೆ ಬೇರೆ ಕಾಯಿ ನಡೆಸುತ್ತಿದ್ದರು. ಮನೆ ಮುಟ್ಟುವ ಕಾಯಿಯನ್ನು ಕೊನೆಯ ಚೌಕದ ಹತ್ತಿರ ನಿಲ್ಲಿಸಿ ಇಬ್ಬರೂ ಸುಮ್ಮನೆ ಕಾಯುತ್ತಿದ್ದರು. ಆಟ ಮುಗಿದರೆ ಮಗಳು ಹೋಗುತ್ತಾಳಲ್ಲ! ಗುಲಾಬಿ ಹೂ ಬಂದರೆ ಊಟವಾಯಿತು ಎಂದು ತಿಳಿಯುವುದು. ಎರಡು ಹೂ ಬಂದರೆ ಅಂದು ಮನೆಯಲ್ಲಿ ಏನೋ ಸಿಹಿ ಮಾಡಿದ್ದಾರೆ. ಅಳುವ ಮುಖವನ್ನು ಇಬ್ಬರೂ ಒಂದು ದಿನವೂ ಒತ್ತಲಿಲ್ಲ.

ದೀಪಾವಳಿಯ ಪಾಡ್ಯದ ದಿನ ಮಗಳ ಹೆಸರು ಬದಲಾಗಿತ್ತು. "ಮಾನಸಿ ೫" ಎಂದಿತ್ತು. ರೇಷ್ಮಾ ಹೇಳಿದ ಹಾಗೆ ಗಾಡಿ ನಂಬರೋ ಏನೋ ಎಂದು ತ್ರಿಶಲಾ ಬಿಟ್ಟಳು. ತಿಂಗಳ ಮೇಲೆ ಅದು "ಮಾನಸಿ ೬" ಆಯಿತು. ಒಲೆಯ ಮೇಲೆ ಹಾಲಿತ್ತು. ಐದಾದ ಮೇಲೆ ಆರು, ಅದೂ ತಿಂಗಳಿಗೊಂದು! ತ್ರಿಶಲಾಗೆ ತಿಳಿಯುವುದಕ್ಕೂ ಹಾಲು ಉಕ್ಕಿ ಒಲೆಗೆ ಬೀಳುವುದಕ್ಕೂ ಸರಿಹೋಯಿತು.

"ಹಾಲ ಉಕ್ಕಿತು ನೋಡ! ಎಲ್ಲೈತಿ ನಿನ್ನ ಗ್ಯಾನ?" ಎಂದು ನಡುಮನೆಯಿಂದ ಅತ್ತೆ ಕೂಗಿದಳು.

"ಉಕ್ಕಲಿ ಬಿಡ್ರಿ ಅತ್ತಿ," ಎಂದು ನಕ್ಕಳು ತ್ರಿಶಲಾ. ಸೊಸೆ ಹಾಗೆಂದದ್ದು ಕೇಳಿ ಕಮಲಾಬಾಯಿ ಎದ್ದು ಬಂದು ನೋಡಿದಳು. ತ್ರಿಶಲಾ ಒಂದಾದ ಮೇಲೊಂದು ಗುಲಾಬಿ ಒತ್ತುತ್ತಿದ್ದಳು. ಮುದುಕಿ ಬಟ್ಟೆ ತಂದು ಒಲೆ ಒರೆಸಿದಳು.

ಡಿಸೆಂಬರದ ಒಂದು ಸಂಜೆ ಗುಟ್ಟು ರಟ್ಟಾಯಿತು. ಹೊತ್ತು ಮುಳುಗುವ ಮುಂಚಿನ ಊಟ. ಮಗ ಅಭಿನಂದನ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ, ಅಂದು ಬೇಗ ಬಂದಿದ್ದ. ಎಲ್ಲರ ತಟ್ಟೆಯಲ್ಲಿ ರೊಟ್ಟಿ, ಹೆಸರಕಾಳ ಪಲ್ಲೆ ಇತ್ತು. ಗೋಡೆಯ ಮಾಡದಲ್ಲಿಟ್ಟ ಫೋನಿನಲ್ಲಿ ದಾಳ ಉರುಳಿದ ಸಪ್ಪಳವಾಯಿತು. ಹತ್ತಿರವಿದ್ದ ಅಭಿನಂದನ ಫೋನ್ ಎತ್ತಿಕೊಂಡ.

"ಅವ್ವಾ, ಗೇಮ್ ಆಡ್ತಿ? ಅಬಬಾ, ಮುನ್ನೂರಾ ಹನ್ನೆರಡ ಆಟ! ಗೆದ್ದಿದ್ದು ಒಂಬತ್ತು!" ಎಂದು ಜೋರಾಗಿ ನಕ್ಕ. ನಗುತ್ತ ನಗುತ್ತ ಬೆರಳಾಡಿಸಿದವನು ಥಟ್ಟನೆ ನಿಂತ. ಮುನ್ನೂರಾ ಹನ್ನೆರಡು ಆಟದ ಎದುರಿಗೂ ಒಂದೇ ಹೆಸರಿತ್ತು. ಅಕ್ಕನ ಹೆಸರು. ಅವನು ಫೋನನ್ನು ಬೋರಲು ಹಾಕಿ, ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದ.

ಆದಿನಾಥ ಬಿಡಬೇಕಲ್ಲ. "ಏನದು?"

"ಏನಿಲ್ಲಪ್ಪಾಜಿ. ಲೂಡೋ."

"ಜೂಜು!" ಆದಿನಾಥ ತಟ್ಟೆ ಸರಿಸಿದ. "ತ್ರಿಶಲಾ, ಸಪ್ತ ವ್ಯಸನದಾಗ ಮದಲನೇದ ಯಾವದು? ಹೇಳು. ಮಕ್ಕಳಿಗೆ ನೀನ ಕಲಿಸಿದ್ದಿಯಲ್ಲ!"

"ಜೂಜು ರೀ."

"ಮತ್ತ? ಯಾರ ಜೋಡಿ ಆಡ್ತಿ?"

ತ್ರಿಶಲಾ ಅತ್ತೆಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಮಗ ಪಲ್ಲೆಯಿಂದ ತಲೆ ಎತ್ತಲಿಲ್ಲ.

"ಅಪ್ಪಾಜಿ, ಇದಕ್ಕ ರೊಕ್ಕ ಹಚ್ಚೂದಿಲ್ಲ. ಖರೆ," ಎಂದಷ್ಟೇ ಅಂದ.

"ರೊಕ್ಕ ಇರಲಿ ಬಿಡಲಿ, ದಾಳ ಐತಿಲ್ಲೋ? ಮಗಳು ಮರ್ಯಾದಿ ಕಳದ ಹೋದ್ಲು. ಈಗ ಇಕಿ ಸುರು ಮಾಡ್ಯಾಳ."

ಹೆಸರು ಹೇಳದಿದ್ದರೂ, ಆ ಮನೆಯಲ್ಲಿ ಐದಾರು ತಿಂಗಳಲ್ಲಿ ಮಗಳ ಬಗ್ಗೆ ಬಂದ ಮೊದಲ ಮಾತು ಅದು. ತ್ರಿಶಲಾಗೆ ಕಣ್ಣು ತುಂಬಿ ಬಂತು. ಅದನ್ನು ತಪ್ಪಿತಸ್ಥೆಯ ಕಣ್ಣೀರು ಎಂದುಕೊಂಡ ಆದಿನಾಥ. ಜೂಜುಗಾತಿ ಎನಿಸಿಕೊಂಡರೂ ಸರಿ, ಮಧ್ಯಾಹ್ನ ಮೂರು ಗಂಟೆ ಕಳೆದುಕೊಳ್ಳಲು ಅವಳು ಸಿದ್ಧಳಿರಲಿಲ್ಲ.

ಕಮಲಾಬಾಯಿ ನಡುವೆ ಬಂದಳು. "ಹೊತ್ತ ಮುಳಗಾಕ ಬಂತು, ಉಂಡ ಏಳ್ರಿ ಮದಲ. ಆದಪ್ಪಾ, ಸುಮ್ಮನಿರು. ತ್ರಿಶಲಾ, ಅಷ್ಟಮಿ ಚತುರ್ದಶಿ ಎರಡ ದಿನ ಆ ಫೋನ ಮುಟ್ಟಬ್ಯಾಡ. ನೇಮ ಹಿಡಿ. ಉಳದ ದಿನ ಏನರ ಮಾಡ್ಕೊ."

"ಹಿಡದೇನ್ರಿ ಅತ್ತಿ," ಎಂದಳು ತ್ರಿಶಲಾ. ಆ ಹೊತ್ತಿನಲ್ಲಿ ಅದು ಅಗ್ಗದ ವ್ಯಾಪಾರ ಎನಿಸಿತ್ತು. ತಿಂಗಳಲ್ಲಿ ನಾಲ್ಕೇ ದಿನ.

ಅವಳು ಆ ನೇಮವನ್ನು ಸರಿಯಾಗಿ ನಡೆಸಿದಳು. ಎರಡು ಅಷ್ಟಮಿ, ಒಂದು ಚತುರ್ದಶಿ ಅವ್ವ ಬಾರದ್ದು ನೋಡಿ ಮಾನಸಿಗೂ ತಿಳಿಯಿತು. ಅದೇ ಮನೆಯಲ್ಲಿ ಬೆಳೆದವಳಲ್ಲವೇ? ಆ ದಿನಗಳಲ್ಲಿ ಅವಳೂ ಕರೆಯುವುದನ್ನು ಬಿಟ್ಟಳು. ಹೆಸರಿನ ಮುಂದಿನ ಅಂಕಿ ಏಳಾಯಿತು. ಸಂಕ್ರಮಣದ ಹೊತ್ತಿಗೆ ಎಂಟಾಯಿತು.

ಸಂಕ್ರಮಣದ ಬೆನ್ನಿಗೇ ಚತುರ್ದಶಿ ಬಂತು. ಅತ್ತೆ ಸೊಸೆ ಇಬ್ಬರಿಗೂ ಒಪ್ಪೊತ್ತು. ಬಸದಿಗೆ ಹೋಗಿ ಬಂದು, ಒಂದೇ ಊಟ ಮುಗಿಸಿ, ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಹನ್ನೊಂದು ಗಂಟೆಗೆ ಮಾಡದಲ್ಲಿ ದಾಳ ಉರುಳಿತು. ತ್ರಿಶಲಾ ಎದ್ದು, ಮುಟ್ಟದೆ, ಬಗ್ಗಿ ನೋಡಿದಳು. "ಮಾನಸಿ ೮ ನಿಮ್ಮನ್ನು ಆಟಕ್ಕೆ ಕರೆಯುತ್ತಿದ್ದಾರೆ." ಕೆಳಗೆ ಎರಡು ಗುಂಡಿ, ಬರುತ್ತೇನೆ, ಈಗ ಬೇಡ. ಮುಟ್ಟುವಂತಿಲ್ಲವಾದ್ದರಿಂದ ಅವಳು ಯಾವುದನ್ನೂ ಒತ್ತಲಿಲ್ಲ.

ಹತ್ತು ನಿಮಿಷಕ್ಕೆ ಮತ್ತೆ ಉರುಳಿತು. ಮತ್ತೆ ಉರುಳಿತು.

"ಏನದರ ಕಾಟ ಇವತ್ತ?" ಎಂದಳು ಕಮಲಾಬಾಯಿ, ಜಪಮಣಿಯನ್ನು ನಿಲ್ಲಿಸಿ.

"ಇವತ್ತ ಚತುರ್ದಶಿ ಅನ್ನೂದ ಮರತಾರ್ರಿ ಅತ್ತಿ."

ಮರೆತಿದ್ದಾಳೆ ಎಂದೇ ತ್ರಿಶಲಾ ತಿಳಿದಳು. ಕುರಿಯವರ ಮನೆ, ಅಲ್ಲಿ ಯಾರು ತಿಥಿ ನೋಡುತ್ತಾರೆ ಎಂದು ಎದೆಯಲ್ಲೊಂದು ಸಣ್ಣ ಮುಳ್ಳೂ ಆಡಿತು. ಹುಚ್ಚಿ, ನಾಳೆ ಬರ್ತೇನಲ್ಲ, ನಾಳೆ ಬೇಕಾದರೆ ನೀನೇ ಗೆಲ್ಲುವಿಯಂತೆ ಎಂದು ಮನಸ್ಸಿನಲ್ಲೇ ರಮಿಸಿದಳು. ನಾಲ್ಕು ಗಂಟೆಯವರೆಗೆ ದಾಳ ಹನ್ನೊಂದು ಸಲ ಉರುಳಿತು. ಪ್ರತಿ ಸಲವೂ ಎದ್ದು ಹೋಗಿ ನೋಡಿದಳು, ಪ್ರತಿ ಸಲವೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಆಮೇಲೆ ಫೋನು ಸುಮ್ಮನಾಯಿತು. ಎರಡು ಸೇರು ಶೇಂಗಾ ಸುಲಿದು ಮುಗಿದಿತ್ತು.

ಮರುದಿನ ಮೂರು ಗಂಟೆಗೆ ತ್ರಿಶಲಾ ತಾನೇ ಕರೆದಳು. ಉತ್ತರವಿಲ್ಲ. ಅದರ ಮರುದಿನವೂ ಇಲ್ಲ. ಮುನಿಸಿಕೊಂಡಿದ್ದಾಳೆ ಎಂದುಕೊಂಡು ಒಂದು, ಎರಡು, ಹತ್ತು ಗುಲಾಬಿ ಕಳಿಸಿದಳು. ಐದನೆಯ ದಿನ ನೋಡುತ್ತಾಳೆ, ಪಟ್ಟಿಯಲ್ಲಿ ಹೆಸರು ಬದಲಾಗಿದೆ. ಅಂಕಿ ಇಲ್ಲ. ಬರೇ "ಮಾನಸಿ."

ತ್ರಿಶಲಾ ನಿಂತಲ್ಲೇ ನಿಂತಳು. ಎಂಟರ ಮುಂದೆ ಒಂಬತ್ತು ಬರಬೇಕಿತ್ತು, ಅದೂ ಇನ್ನೂ ಹತ್ತಿಪ್ಪತ್ತು ದಿನ ಬಿಟ್ಟು. ಅಂಕಿಯೇ ಇಲ್ಲವೆಂದರೆ ಎಣಿಸುವುದು ಮುಗಿಯಿತು ಅಂತ. ಎಣಿಸುವುದು ಮುಗಿಯಿತೆಂದರೆ? ಅಭಿನಂದನನೂ ಎಂಟರಲ್ಲೇ ಹುಟ್ಟಿದವನು. "ಹಡದಾಳ!" ಎಂದು ತನಗೇ ಕೇಳುವಷ್ಟು ಜೋರಾಗಿ ಅಂದಳು. ಹನ್ನೊಂದು ಸಲ ಕರೆದದ್ದು ಏಕೆಂದು ಈಗ ಹೊಳೆಯಿತು. ಬ್ಯಾನಿ ಸುರುವಾಗಿದೆ ಎಂದು ತಿಳಿಸಲು ಕರೆದಿದ್ದಾಳೆ, ನನ್ನ ಕೂಸು!

ಸೆರಗು ಹೊದ್ದು ಪೇಟೆಗೆ ಓಡಿದಳು. ರೇಷ್ಮಾಳ ಅಂಗಡಿಗೆ ಕೀಲಿ. ಪಕ್ಕದ ಬಳೆ ಅಂಗಡಿಯ ಲಗಮವ್ವ ಹೇಳಿದಳು, "ತವರಮನಿಗೆ ಹೋಗ್ಯಾಳ್ರಿ. ವೈನೀದು ಹೆರಗಿ ಅಂತ ಅವಸರ ಅವಸರ ಹೋದ್ಲು." ಲಗಮವ್ವನಿಗೆ ಗೊತ್ತಿದ್ದದ್ದು ಅಷ್ಟೇ. ತ್ರಿಶಲಾಗೆ ಬೇಕಾಗಿದ್ದದ್ದೂ ಅಷ್ಟೇ.

ಮನೆಗೆ ಬಂದವಳೇ ದೊಡ್ಡ ಬೋಗುಣಿ ಒಲೆಗಿಟ್ಟಳು. ತುಪ್ಪದಲ್ಲಿ ಅಂಟು ಹಾಕಿ ಹುರಿದಳು, ಅದು ಅರಳಿನಂತೆ ಅರಳಿತು. ಉತ್ತತ್ತಿ ಕುಟ್ಟಿದಳು, ಒಣ ಕೊಬ್ಬರಿ ಹೆರೆದಳು, ಗಸಗಸೆ ಹುರಿದಳು. ಅಂಟಿನ ಉಂಡೆಯ ವಾಸನೆ ಮುಚ್ಚಿಡುವಂಥದ್ದಲ್ಲ. ಆ ವಾಸನೆ ಎದ್ದ ಮನೆಯಲ್ಲಿ ಬಾಣಂತಿ ಇರಲೇಬೇಕು.

ಕಮಲಾಬಾಯಿ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು. "ಹಡದ್ಲೇನ?"

ತ್ರಿಶಲಾಳ ಕೈಯಿಂದ ಸವುಟು ಜಾರಿತು. "ಅತ್ತಿ, ನಿಮಗ..."

"ನಾ ಏನ ಕುರುಡಿ ಏನ? ದೀಪಾವಳಿಯಿಂದ ನೋಡಾಕತ್ತೇನಿ. ಹಾಲ ಉಕ್ಕಿದ್ರ ನಗಾಕಿ ನೀ ಯಾವತ್ತ ಆಗಿದ್ದಿ?" ಮುದುಕಿ ಒಳಗೆ ಹೋಗಿ ಟ್ರಂಕು ತೆಗೆದ ಸಪ್ಪಳವಾಯಿತು. ಬರುವಾಗ ಕೈಯಲ್ಲೊಂದು ಕುಂಚಿಗೆ ಇತ್ತು. ಹಸಿರು ಖಣದ್ದು, ಅಂಚಿಗೆ ಬಿಳಿ ಮಣಿ ಹಚ್ಚಿದ್ದು. ಮಾನಸಿಯನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ತಲೆಗೆ ಕಟ್ಟಿದ್ದೇ ಅದು. "ಥಂಡಿ ಐತಿ. ಕೂಸಿನ ಕಿವಿ ಮುಚ್ಚಬೇಕು. ಹೋಗಿ ಬಾ."

"ಅವರು ಏನಂತಾರೋ..."

"ಯಾರೇನಂತಾರ?" ಆದಿನಾಥ ಅಂಗಡಿಯಿಂದ ಬಂದು ಹಿಂದೆಯೇ ನಿಂತಿದ್ದ. ಬೋಗುಣಿಯನ್ನು ನೋಡಿದ, ಅವ್ವನ ಕೈಯ ಕುಂಚಿಗೆಯನ್ನು ನೋಡಿದ. ಬೆಲ್ಲದ ವ್ಯಾಪಾರಿಗೆ ಅಂಟಿನ ಉಂಡೆ ಯಾರಿಗೆಂದು ಹೇಳಿಕೊಡಬೇಕಾಗಿಲ್ಲ. ಬೋಗುಣಿಯ ತಳ ಹತ್ತತೊಡಗಿತು.

"ಗಂಡೋ, ಹೆಣ್ಣೋ?" ಎಂದ ಆದಿನಾಥ.

"ಗೊತ್ತಿಲ್ಲರಿ. ಹೋಗಿ ನೋಡಬೇಕು." ತ್ರಿಶಲಾ ಒಮ್ಮೆಲೆ ಕೆಚ್ಚು ತಂದುಕೊಂಡಳು. "ನೇಮ ಮುರೀತೈತಿ. ಮುರೀಲಿ. ನಾ ಹೋಗಾಕಿ."

ಆದಿನಾಥ ಹೊರಗೆ ಹೋದ. ಹೋದನಲ್ಲ ಎಂದು ತ್ರಿಶಲಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ತಿರುಗಿ ಬಂದ. ಕೈಯಲ್ಲಿ ಹೊಸ ಬೆಲ್ಲದ ಪೆಂಟೆಯಿತ್ತು. ಈ ವರ್ಷದ ಮೊದಲ ಗಾಣದ್ದು, ಔಷಧ ಹಾಕದ್ದು, ಯಾರಿಗೂ ಮಾರದೆ ಹೊರಗಿನ ಕೋಣೆಯಲ್ಲಿ ತೆಗೆದಿಟ್ಟಿದ್ದು.

"ಉಂಡಿಗೆ ಇದನ್ನ ಹಾಕು. ಪ್ಯಾಟೀ ಬೆಲ್ಲ ಬಾಣಂತಿಗೆ ಉಷ್ಣ ಆಕ್ಕೈತಿ." ಗೋಡೆಯ ಕಡೆ ನೋಡುತ್ತ ಮುಂದುವರಿಸಿದ. "ನಿನ್ನ ಕೈ ಮುಗಿಸಿದಾಂವ ನಾ. ಮುರದ ಪಾಪ ನನಗಿರಲಿ. ನಾ ಅಂತೂ ಬರಂಗಿಲ್ಲ. ಆದ್ರ ಯಾರನ್ನ ಹೋಲ್ತೈತಿ ಅದನ್ನ ನೋಡ್ಕೊಂಡ ಬಾ. ಮೂಗು... ಮೂಗು ನಮ್ಮ ಕಡೀದ ಐತೇನ ನೋಡು."

ಅಂದು ರಾತ್ರಿ ಆ ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ನಾಲ್ಕು ಜನ ಒಂದೇ ಕಡೆ ಕೂತು ಉಂಡೆ ಕಟ್ಟಿದರು. ಅಭಿನಂದನ ಎಣಿಸಿದ, ಐವತ್ತೊಂದು. "ನಾ ಮಾಮಾ ಆದೆ," ಎಂದು ಒಂದನ್ನು ಬಾಯಿಗೆ ಹಾಕಹೋಗಿ ಹೊತ್ತು ಮುಳುಗಿದ್ದು ನೆನಪಾಗಿ ತಿರುಗಿ ಡಬ್ಬಿಗೆ ಹಾಕಿದ. ಎಲ್ಲರೂ ನಕ್ಕರು, ಆದಿನಾಥನೂ ನಕ್ಕ.

ಮರುದಿನ ಮಧ್ಯಾಹ್ನ ಅಭಿನಂದನ ಬೈಕಿನಲ್ಲಿ ಅವ್ವನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟ. ಜಮಖಂಡಿಯಲ್ಲಿ ಬಸ್ಸು ಬದಲಿಸಬೇಕು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಆಮೆಯ ಹಾಗೆ ತೆವಳಿತು. ತೊಡೆಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಕುಂಚಿಗೆ. ಪಕ್ಕದ ಸೀಟಿನ ಹೆಂಗಸು, "ಮಗಳ ಬಾಣಂತನಕ್ಕೇನ್ರಿ?" ಎಂದು ಕೇಳಿದಾಗ ತ್ರಿಶಲಾ, "ಹೂಂನ್ರಿ, ಚೊಚ್ಚಲ," ಎಂದಳು. ಬೀಳಗಿಯಲ್ಲಿ ಇಳಿದು ಆಟೋ ಹಿಡಿದು ತೋಟದ ಮನೆ ಸೇರುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು.

ಅಂಗಳದಲ್ಲಿ ಹಾಲೇಶ ಖಾಲಿ ಟ್ರೇಲರಿನ ಮೇಲೆ ಕೂತಿದ್ದ. ಅತ್ತೆಯನ್ನು ಕಂಡು ಕೆಳಗಿಳಿದ, ಪಾದ ಮುಟ್ಟಿದ. ಕೈಯ ಕುಂಚಿಗೆಯನ್ನು ನೋಡಿದವನೇ ಹಟ್ಟಿಯ ಹಿಂದೆ ಹೊರಟುಹೋದ. ನಾಚಿಕೆ ಎಂದುಕೊಂಡಳು ತ್ರಿಶಲಾ. ಹಾಲೇಶನ ಅವ್ವ ಸುಂದರವ್ವ ಬಾಗಿಲಿಗೆ ಬಂದಳು. ಎತ್ತರದ ಹೆಂಗಸು, ಹೆಗಲ ಮೇಲೆ ಕಂಬಳಿ.

"ಬರ್ರಿ ಬೀಗತೇರ."

"ಎಲ್ಲೈತ್ರಿ ಕೂಸು? ಗಂಡೋ ಹೆಣ್ಣೋ ಅಂತ ನಮ್ಮ ಮನ್ಯಾಗ ಎಲ್ಲಾರೂ ಕೇಳಾಕತ್ತಾರ. ಮಾನಸೀದ ಕುಂಚಗಿ ಅಂತ ನಮ್ಮತ್ತಿ..."

"ಹೆಣ್ಣ ಇತ್ರಿ," ಎಂದಳು ಸುಂದರವ್ವ.

ತ್ರಿಶಲಾ ಹೊಸ್ತಿಲ ಮೇಲೆ ನಿಂತಿದ್ದಳು. ಕಾಲು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಒಳಗೆ ಎಲ್ಲಿಯೂ ತೊಟ್ಟಿಲು ಕಟ್ಟಿರಲಿಲ್ಲ. ಧೂಪದ ವಾಸನೆ ಇರಲಿಲ್ಲ. ಸುಂದರವ್ವ ಅವಳ ಕೈಯಿಂದ ಡಬ್ಬಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ನಾನೂ ನಮ್ಮವರೂ ಕುರಿ ಮೇಯಿಸ್ಕೊಂಡ ತುಬಚಿ ಕಡೆ ಹೋಗಿದ್ವಿ. ಹಾಲೇಶ ಕಾರ್ಖಾನಿ ಮುಂದ ಕಬ್ಬಿನ ಗಾಡಿ ಪಾಳೀ ಒಳಗ. ಮರುದಿನ ನಸುಕಿನ್ಯಾಗ ಬಂದ ದವಾಖಾನಿಗೆ ಒಯ್ದೀವ್ರಿ. ಹೊಟ್ಟ್ಯಾಗ ಹೋಗಿತ್ತು. ಹಿಂದಿನ ದಿನ ಮುಂಜಾನೆ ಬಂದಿದ್ರ ಉಳೀತಿತ್ತೋ ಏನೋ ಅಂದ್ರು."

ಒಳಗಿನ ಕೋಣೆಯಲ್ಲಿ ಮಾನಸಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎದೆಗೆ ಬಿಗಿಯಾಗಿ ಪಂಜೆ ಕಟ್ಟಿದ್ದರು. ಕಟ್ಟಿದರೂ ಹಾಲು ಒಸರಿ ಬಟ್ಟೆ ಒದ್ದೆಯಾಗಿತ್ತು. ಹತ್ತು ತಿಂಗಳ ಮೇಲೆ ಅವ್ವ ಮಗಳ ಹತ್ತಿರ ಕೂತಳು. ಕೂದಲು ನೇವರಿಸಿದಳು.

"ಮಾನೂ..."

"ನೇಮ ಮುರದ್ಯಾ ಅವ್ವಾ?"

"ಮುರದೆ."

ಮಾನಸಿ ಹೊರಳಿದಳು. ಕಣ್ಣು ಒಣಗಿದ್ದವು. ಅವ್ವನ ಮಡಿಲಲ್ಲಿದ್ದ ಕುಂಚಿಗೆಯನ್ನು ನೋಡಿದಳು, ಗುರುತು ಹಿಡಿದಳು. "ಮುಂಜಾನಿಂದ ಕೂಸು ಹೊರಳವಲ್ದಾಗಿತ್ತು. ಬ್ಯಾನಿ ಇಲ್ಲ, ಏನಿಲ್ಲ. ಹಂಗ ಒಮ್ಮೊಮ್ಮೆ ಸುಮ್ಮನ ಇರ್ತೈತೇನು, ದವಾಖಾನಿಗೆ ಹೋಗಬೇಕೇನು, ಅಷ್ಟ ಕೇಳೂದಿತ್ತು. ಮನ್ಯಾಗ ಯಾರೂ ಇರಲಿಲ್ಲ, ಇವರ ಫೋನ ಹತ್ತಲಿಲ್ಲ. ನಿನ್ನ ಫೋನಿಗೆ ನನ್ನ ನಂಬರ ಹತ್ತದಂಗ ಅಪ್ಪಾಜಿ ಬಂದ್ ಮಾಡಿಸ್ಯಾರ. ಮೈಕ್ ತಗದ ಕುಂತಿದ್ದೆ, ಅವ್ವಾ. ನೀ ಬಂದ ಕೂಡಲೆ ಒಂದ ಮಾತ ಕೇಳಬೇಕಂತ."

"ಚತುರ್ದಶಿ ಇತ್ತವಾ," ಎಂದಳು ತ್ರಿಶಲಾ. "ಮುಟ್ಟಂಗಿರಲಿಲ್ಲ. ನಾ ಅನ್ಕೊಂಡೆ, ನೀ ಮರತಿ ಅಂತ. ಚತುರ್ದಶಿ ಮರತ ಕರೀತಿ ಅಂತ..."

"ಮರತಿರಲಿಲ್ಲ," ಎಂದಳು ಮಾನಸಿ. "ಗೊತ್ತಿದ್ದ ಒತ್ತಿದೆ. ಚತುರ್ದಶಿ ದಿನ ಕರಿಯಾಕತ್ತಾಳ ಅಂದ್ರ ಸುಮ್ಮನ ಅಲ್ಲ ಅಂತ ಅವ್ವಗ ತಿಳೀತೈತಿ ಅನ್ಕೊಂಡಿದ್ದೆ."

ಆಮೇಲೆ ಅವಳು ಮತ್ತೆ ಗೋಡೆಯ ಕಡೆ ಹೊರಳಿದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಾದರೂ ಇದ್ದಿದ್ದರೆ ತ್ರಿಶಲಾ ಕಾಲು ಹಿಡಿದು ಬೇಡಬಹುದಿತ್ತು. ಹನ್ನೊಂದು ಸಲ ಎದ್ದು ಹೋಗಿ, ಕೈ ಬೆನ್ನಿಗೆ ಕಟ್ಟಿಕೊಂಡು ಬಗ್ಗಿ ಬಗ್ಗಿ ನೋಡಿದ್ದು ಅವಳ ಕಣ್ಣ ಮುಂದೆ ಬಂತು. ಒಂದು ಬೆರಳು ಸಾಕಿತ್ತು. ಅವಳು ಆ ಬೆರಳನ್ನು ಬಾಯಿಗಿಟ್ಟು ಕಚ್ಚಿಕೊಂಡಳು, ಅಳು ಬರಲಿಲ್ಲ.

ಹೊರಗೆ ಹೊತ್ತು ಮುಳುಗಿತು. ಕುರಿಗಳು ಹಟ್ಟಿಗೆ ಬಂದವು, ಹಾಲೇಶನ ಅಪ್ಪ ಅಮಸಿದ್ದಪ್ಪ ಅವನ್ನು ಎಣಿಸಿ ಒಳಗೆ ಹಾಕಿದ. ಸುಂದರವ್ವ ದೀಪ ಹಚ್ಚಿ, ಒಂದು ತಟ್ಟೆಯಲ್ಲಿ ಸಜ್ಜೆ ರೊಟ್ಟಿ, ಬೇಳೆ, ಕೆನೆ ಮೊಸರು ಹಾಕಿಕೊಂಡು ಬಂದಳು. "ದೂರದಿಂದ ಬಂದ ಹಸದೀರಿ ಬೀಗತೇರ. ಒಂದ ತುತ್ತ ಉಣ್ರಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಏನೂ ಹಾಕಿಲ್ಲ, ನಿಮಗ ನಡೀತೈತಿ."

"ಅವ್ವ ಉಣ್ಣಂಗಿಲ್ಲತ್ತಿ," ಎಂದಳು ಮಾನಸಿ ಗೋಡೆಯ ಕಡೆಯಿಂದಲೇ. "ಹೊತ್ತ ಮುಳಗೇತಿ. ಆಕೀದ ನೇಮ ಐತಿ."

ಸುಂದರವ್ವ ತಟ್ಟೆ ಹಿಂತೆಗೆಯಲು ಕೈ ಚಾಚಿದಳು. ತ್ರಿಶಲಾ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದೀಪದ ಬೆಳಕಿನಲ್ಲಿ ಒಂದು ಚೂರು ರೊಟ್ಟಿ ಮುರಿದಳು, ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟಳು. ಇಪ್ಪತ್ತಾರು ವರ್ಷದಲ್ಲಿ ಹೊತ್ತು ಮುಳುಗಿದ ಮೇಲೆ ಅವಳು ಅಗಿದ ಮೊದಲ ತುತ್ತು ಅದು. ಮಗಳು ಒಮ್ಮೆ ಇತ್ತ ನೋಡಲಿ ಎಂದು ಇನ್ನೊಂದು ಚೂರು ಮುರಿದಳು, ಮತ್ತೊಂದು ಮುರಿದಳು.

ಮಾನಸಿ ನೋಡಲಿಲ್ಲ.